ನಂದ, ನಳಿನಿಯ ಅಪ್ಪ

1953ರ ಜನವರಿ 14ಕ್ಕೆ ಕಾರ್ಯಪ್ಪನವ್ರು ಆರ್ಮಿಯಿಂದ ರಿಟೈರ್ ಆದ್ರು. ಅದಕ್ಕೂ ಮುಂಚೆ ತಮ್ಮ ತವರು ರೆಜಿಮೆಂಟಾದ ರಜಪೂತ್ ರೆಜಿಮೆಂಟಿನ ಸೆಂಟರ್‌ಗೆ ಒಂದ್ಸಲ ಹೋಗಿ, ಎಲ್ರಿಗೂ ಹೇಳಿ ಬಂದ್ರು. ಅಷ್ಟೊತ್ತಿಗೆ ನಾಲ್ಕು ವರ್ಷ ಇಡೀ ದೇಶದ ಸೇನೆ ನಡೆಸಿದ್ದ ಜನರಲ್ ಅವ್ರು, ಹಿಂದೆ ಮುಂದೆ ಆಫೀಸರ್‌ಗಳಿಗೇನೂ ಬರ ಇರ್ಲಿಲ್ಲ, ಆದ್ರೂ ಆ ಕೊನೇ ಭೇಟಿಗೆ ಅವ್ರು ಜೊತೇಲಿ ಕರ್ಕೊಂಡ್ ಹೋಗಿದ್ದು ತಮ್ಮ ಇಬ್ರು ಮಕ್ಕಳನ್ನ. ಮಗ ನಂದ, ಆಗ ತಾನೇ ಮೀಸೆ ಚಿಗುರೋ ವಯಸ್ಸು. ಮಗಳು ನಳಿನಿಗೆ ಇನ್ನೂ ಹತ್ತು ತುಂಬಿರ್ಲಿಲ್ಲ.

ಇದನ್ನ ಓದಿದಾಗಿಂದ ನನಗೆ ಕಾರ್ಯಪ್ಪನವ್ರು ಬೇರೇನೇ ಮನುಷ್ಯನ ಥರ ಕಾಣ್ತಾರೆ. ಯಾಕಂದ್ರೆ ನಮ್ಮ ಕಡೆ ಅವ್ರ ಬಗ್ಗೆ ಮಾತು ಬಂದ್ರೆ ಮೊದಲು ಬರೋದು ಪ್ರತಿಮೆ. ಮಡಿಕೇರಿಯ ಸುದರ್ಶನ ಸರ್ಕಲ್‌ನಲ್ಲಿ ನಿಂತಿರೋ ಪ್ರತಿಮೆ, ಅವ್ರ ಹೆಸರಿನ ಕಾಲೇಜು, ಬೆಂಗಳೂರಿನಲ್ಲಿ ಎಲ್ರೂ ಇನ್ನೂ ರೆಸಿಡೆನ್ಸಿ ರೋಡ್ ಅಂತಾನೇ ಕರೆಯೋ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ. ಆಮೇಲೆ ಪ್ರತೀ ವರ್ಷ ಜನವರಿ 15ಕ್ಕೆ ಆರ್ಮಿ ಡೇ ದಿವಸ ವಾಟ್ಸಾಪಲ್ಲಿ ಎರಡು ವಿಷಯ ಬರುತ್ತೆ. ಒಂದು, 1949ರ ಅದೇ ದಿನ ಬ್ರಿಟಿಷ್ ಜನರಲ್ ಬುಚರ್ ಕೈಯಿಂದ ಅಧಿಕಾರ ತಗೊಂಡ ಮೊದಲ ಭಾರತೀಯ ಕಮಾಂಡರ್ ಇನ್ ಚೀಫ್ ಅನ್ನೋದು. ಇನ್ನೊಂದು, 1965ರಲ್ಲಿ ಪಾಕಿಸ್ತಾನದವ್ರು ಅವ್ರ ಮಗನನ್ನ ಸೆರೆ ಹಿಡಿದಾಗ "ಅವನು ನನ್ನ ಮಗ ಅಲ್ಲ" ಅಂದ್ಬಿಟ್ರು ಅನ್ನೋ ಕಥೆ. ಈ ಎರಡನೇದನ್ನ ಕಳಿಸೋರು ಎಷ್ಟು ಹೆಮ್ಮೆಯಿಂದ ಕಳಿಸ್ತಾರೆ ಅಂದ್ರೆ, ದೇಶಕ್ಕೋಸ್ಕರ ಅಪ್ಪ ಅನ್ನೋ ಕರುಳನ್ನೇ ಕಿತ್ತು ಹಾಕ್ಬಿಟ್ಟ ಮಹಾನುಭಾವ ಅನ್ನೋ ಅರ್ಥದಲ್ಲಿ. ನನಗೆ ಈ ಅರ್ಥ ಯಾವತ್ತೂ ಒಪ್ಪಿಗೆ ಆಗಿಲ್ಲ. ಆ ಉತ್ತರ ಬಂದಿದ್ದು ಕರುಳಿಂದಾನೇ ಅಂತ ನನ್ನ ನಂಬಿಕೆ, ಅದನ್ನೇ ಬರೆಯೋಣ ಅಂತ ಕೂತಿದೀನಿ.

ನಮ್ಮೂರು ಇರೋದು ಶನಿವಾರಸಂತೆ ಕಡೆ. ಕಾರ್ಯಪ್ಪನವ್ರು ಹುಟ್ಟಿದ್ದು ಶನಿವಾರಸಂತೇಲೇ, ಅವ್ರ ತಂದೆ ಕೊಡಂದೇರ ಮಾದಪ್ಪನವ್ರು ರೆವೆನ್ಯೂ ಇಲಾಖೇಲಿದ್ರು. ಮನೇಲಿ ಮಗನನ್ನ ಚಿಮ್ಮ ಅಂತ ಕರೀತಿದ್ರಂತೆ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ಇಂದೋರಿನ ಡೇಲಿ ಕಾಲೇಜಲ್ಲಿ ಭಾರತೀಯರಿಗೆ ಅಂತ ಶುರು ಮಾಡಿದ್ದ ಕೆಡೆಟ್ ಟ್ರೈನಿಂಗು, 1919ರ ಡಿಸೆಂಬರ್‌ನಲ್ಲಿ ಕಮಿಷನ್ನು. ಮುಂದಿನದು ಶಾಲೆ ಪುಸ್ತಕದಲ್ಲೆಲ್ಲ ಇದೆ, ಮೆಸೊಪೊಟೇಮಿಯಾ, ವಜೀರಿಸ್ತಾನ, ಕ್ವೆಟ್ಟಾ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ, 1942ರಲ್ಲಿ ಬೆಟಾಲಿಯನ್ ಕಮಾಂಡ್ ಮಾಡಿದ ಮೊದಲ ಭಾರತೀಯ. ಈ ಮೊದಲು ಮೊದಲು ಅನ್ನೋ ಪಟ್ಟಿ ಉದ್ದ ಇದೆ, ಅಷ್ಟಕ್ಕೇ ಬಿಡ್ತೀನಿ.

ನಾನು ಹೇಳ್ಬೇಕಿರೋದು ಆ ಪಟ್ಟಿಯ ಪಕ್ಕದಲ್ಲೇ ನಡೀತಿದ್ದ ಇನ್ನೊಂದು ಲೆಕ್ಕ. 1937ರ ಮಾರ್ಚ್‌ನಲ್ಲಿ ಸಿಕಂದರಾಬಾದಲ್ಲಿ ಮದುವೆ. ಹುಡುಗಿ ಮುತ್ತು ಮಾಚಯ್ಯ, ಅರಣ್ಯ ಇಲಾಖೆ ಅಧಿಕಾರಿಯೊಬ್ಬರ ಮಗಳು, ಗಂಡನಿಗಿಂತ ಹದಿನೈದು ವರ್ಷ ಚಿಕ್ಕವ್ರು. ಮರುವರ್ಷ 1938ರ ಜನವರೀಲಿ ನಂದ ಹುಟ್ಟಿದ್ರು, 1943ರ ಫೆಬ್ರವರೀಲಿ ನಳಿನಿ. ಈಗ ಈ ವರ್ಷಗಳನ್ನ ಎರಡನೇ ಮಹಾಯುದ್ಧದ ಪಕ್ಕ ಇಟ್ಟು ನೋಡಿ. 1941, 42ರಲ್ಲಿ ಅವ್ರು ಹತ್ತನೇ ಡಿವಿಷನ್ ಜೊತೆ ಇರಾಕು, ಸಿರಿಯಾ, ಇರಾನು. ವಾಪಸ್ ಬಂದು ಹೊಸ ಬೆಟಾಲಿಯನ್ ಕಟ್ಟೋ ಕೆಲಸ, ಅದು ಮುಗೀತು ಅನ್ನೋಷ್ಟರಲ್ಲಿ ಬರ್ಮಾ. ಮನೇಲಿ ಒಬ್ಬ ಪುಟ್ಟ ಹುಡುಗ, ಒಂದು ಕೈಕೂಸು, ಹೆಂಡತಿ. 1945ರ ಸೆಪ್ಟೆಂಬರ್‌ನಲ್ಲಿ, ಅಂದ್ರೆ ಜಗತ್ತಿನ ಯುದ್ಧ ಮುಗಿದ ತಿಂಗಳಲ್ಲಿ, ಗಂಡ ಹೆಂಡತಿ ಬೇರೆ ಆದ್ರು. ಡಿವೋರ್ಸ್ ಅಂತ ಕೋರ್ಟಿಗೆ ಹೋಗ್ಲಿಲ್ಲ, ಬೇರೆ ಇದ್ರು ಅಷ್ಟೆ. ಮೂರು ವರ್ಷಕ್ಕೆ ಆ ತಾಯಿ ಒಂದು ಅಪಘಾತದಲ್ಲಿ ತೀರ್ಕೊಂಡ್ರು.

ಆ ಹೆಣ್ಣುಮಗಳ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ, ನನಗೆ ಅದು ಬೇಜಾರು. ಇಪ್ಪತ್ಮೂರರ ಆಸುಪಾಸಲ್ಲಿ ಮದುವೆ ಆಗಿ, ಯುದ್ಧದ ವರ್ಷಗಳನ್ನೆಲ್ಲ ಕಾಗದ ಕಾಯ್ತಾ ಕಳೆದು, ಬಂದ ಗಂಡ ಮತ್ತೆ ಹೊರಟು ನಿಂತಿರ್ತಾನೆ ಅನ್ನೋ ಜೀವನ. ದೊಡ್ಡ ಮನುಷ್ಯರ ಚರಿತ್ರೆ ಬರೆಯೋವಾಗ ಇದನ್ನ ಒಂದು ಸಾಲಲ್ಲಿ ದಾಟಿಸಿಬಿಡ್ತಾರೆ. ಕಾರ್ಯಪ್ಪನವ್ರು ಮಡದಿಗೆ ಬೇಕಾದಷ್ಟು ಹೊತ್ತು ಕೊಟ್ಟ ಗಂಡ ಅಂತ ನಾನಂತೂ ಹೇಳಲ್ಲ, ಹೇಳಿದ್ರೆ ಅವ್ರಿಗೂ ಒಪ್ಪಿಗೆ ಆಗ್ತಿರ್ಲಿಲ್ಲ ಅನ್ಸುತ್ತೆ. ಆದ್ರೆ ಆಮೇಲೆ ಆ ಎರಡು ಮಕ್ಕಳ ಪಾಲಿಗೆ ಇದ್ದಿದ್ದು ಒಬ್ಬ ಅಪ್ಪ ಮಾತ್ರ, ಅದೂ ಎಂಥಾ ಹೊತ್ತಲ್ಲಿ ಅಂದ್ರೆ, ಈಗ ಪಾಕಿಸ್ತಾನದಲ್ಲಿರೋ ಬನ್ನು ಕಡೆ ಫ್ರಾಂಟಿಯರ್ ಬ್ರಿಗೇಡು, 1947ಕ್ಕೆ ಲಂಡನ್ನಿನ ಇಂಪೀರಿಯಲ್ ಡಿಫೆನ್ಸ್ ಕಾಲೇಜು, ದೇಶ ಒಡೆದಾಗ ಸೇನೇನೂ ಎರಡು ಪಾಲು ಮಾಡೋ ಕೆಲಸ, ಆ ನವೆಂಬರ್‌ಗೆ ಈಸ್ಟರ್ನ್ ಕಮಾಂಡು, ಎರಡು ತಿಂಗಳು ಆಗೋದ್ರೊಳಗೆ ದೆಹಲಿ ಮತ್ತು ಪೂರ್ವ ಪಂಜಾಬ್ ಕಮಾಂಡು, ಅಂದ್ರೆ ನೇರವಾಗಿ ಕಾಶ್ಮೀರದ ಯುದ್ಧದ ಹೊಣೆ.

1948 ಅಂದ್ರೆ ಸೇನೆ ಚರಿತ್ರೆ ಓದೋರಿಗೆ ಜೋಜಿ ಲಾ, ಕಾಶ್ಮೀರದಿಂದ ಲಡಾಖಿಗೆ ಹೋಗೋ ಕಣಿವೆ ದಾರಿ. ನವೆಂಬರ್ 1ನೇ ತಾರೀಖು, 11 ಸಾವಿರ ಅಡಿಗೂ ಮೇಲೆ, ಹಿಮದಲ್ಲಿ, ಟ್ಯಾಂಕ್ ಹತ್ತಿಸಿದ್ದು. ಮುಂದೆ ನಿಂತು ಅದನ್ನ ನಡೆಸಿದ ಡಿವಿಷನ್ ಕಮಾಂಡರ್ ಜನರಲ್ ತಿಮ್ಮಯ್ಯ, ಅವ್ರ ಮೇಲಿದ್ದ ಆರ್ಮಿ ಕಮಾಂಡರ್ ಕಾರ್ಯಪ್ಪ, ಇಬ್ರೂ ನಮ್ಮ ಕೊಡಗಿನವ್ರೇ ಅಂತ ನಾವೆಲ್ಲ ಶಾಲೇಲಿ ಎದೆ ಉಬ್ಬಿಸಿ ಹೇಳ್ತಿದ್ವಿ. ಲೇಹ್ ಉಳಿದಿದ್ದು ಅದ್ರಿಂದ. ನಂದನಿಗೆ, ನಳಿನಿಗೆ ಅದೇ ಕಾಲ ಅಂದ್ರೆ ಅಮ್ಮ ಹೋದ ಕಾಲ. ಹತ್ತು ವರ್ಷದ ಹುಡುಗ, ಐದು ವರ್ಷದ ಹುಡುಗಿ. ಅಪ್ಪನ ಟೇಬಲ್ ಮೇಲೆ ಕಾಶ್ಮೀರದ ಮ್ಯಾಪು, ಮನೇಲಿ ಈ ಎರಡು ಮಕ್ಕಳು. ನಾನು ಎರಡು ಮಕ್ಕಳ ಅಪ್ಪ ಆದ್ಮೇಲೆ ಜೋಜಿ ಲಾ ಬಗ್ಗೆ ಓದುವಾಗೆಲ್ಲ ಟ್ಯಾಂಕಿಗಿಂತ ಮೊದಲು ಇದೇ ನೆನಪಾಗುತ್ತೆ, ರಾತ್ರಿ ಆ ಮಕ್ಕಳಿಗೆ ಯಾರು ಊಟಕ್ಕೆ ಹಾಕ್ತಿದ್ರೋ, ಅಮ್ಮ ಎಲ್ಲಿ ಅಂತ ಕೇಳಿದ್ರೆ ಆ ಮನುಷ್ಯ ಏನ್ ಹೇಳ್ತಿದ್ರೋ ಅಂತ.

ಇಲ್ಲಿ ನಮ್ಮ ದೊಡ್ಡಪ್ಪನ ವಿಷಯ ಹೇಳ್ಲೇಬೇಕು, ಯಾಕಂದ್ರೆ ಕಾರ್ಯಪ್ಪನವ್ರನ್ನ ನನಗೆ ಅರ್ಥ ಮಾಡ್ಸಿದ್ದು ಪುಸ್ತಕಗಳಿಗಿಂತ ಹೆಚ್ಚಾಗಿ ಅವ್ರು. ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್, ಅಂದ್ರೆ ಸೇನೆಯ ಎಂಜಿನಿಯರಿಂಗ್ ದಳ, ಹಲಸೂರಿನ ಎಂ.ಇ.ಜಿ. ಸೆಂಟರಲ್ಲಿ ಟ್ರೈನಿಂಗ್ ಮುಗಿಸಿ ಸಿಪಾಯಿಯಾಗಿ ಶುರು ಮಾಡಿ, ಸುಬೇದಾರ್ ಮೇಜರ್ ಆಗಿ, ಕೊನೆಗೆ ಆನರರಿ ಕ್ಯಾಪ್ಟನ್ ಅಂತ ರಿಟೈರ್ ಆದವ್ರು. ಜವಾನರಿಗೆ ವರ್ಷಕ್ಕೆ 60 ದಿನ ಆನ್ಯುಯಲ್ ಲೀವು, 30 ದಿನ ಕ್ಯಾಶುಯಲ್ ಲೀವು. ಅಂದ್ರೆ ಎಲ್ಲ ಸರಿಯಾಗಿ ಸಿಕ್ಕಿದ್ರೂ ವರ್ಷದಲ್ಲಿ ಮೂರು ತಿಂಗಳು ಮನೆ, ಒಂಬತ್ತು ತಿಂಗಳು ಕರಿ ಟ್ರಂಕು. ನಮ್ಮ ದೊಡ್ಡಮ್ಮ ಆ ಒಂಬತ್ತು ತಿಂಗಳಲ್ಲಿ ಕಾಫಿ ಕುಯ್ಯೋಕೆ ಆಳು ನೋಡೋದು, ಅತ್ತೆಯ ಔಷಧಿ, ಮಕ್ಕಳ ಫೀಸು, ಗದ್ದೆ ನಾಟಿ ಎಲ್ಲ ಒಬ್ಬರೇ ನಡೆಸೋರು, ಆಮೇಲೆ ಬರೋ ಮೂರು ತಿಂಗಳಲ್ಲಿ ದೊಡ್ಡಪ್ಪ ಮನೆಗೆ ನೆಂಟನ ಥರ ಆಗ್ಬಾರ್ದು ಅಂತ ಹಠ ಹಿಡಿದು ಬೆಳಿಗ್ಗೆ ಐದಕ್ಕೇ ಎದ್ದು ಒಲೆ ಹಚ್ಚೋರು, ಮಕ್ಕಳ ಸ್ಕೂಲ್ ಬ್ಯಾಗ್ ಜೋಡಿಸೋರು, ಹೆಣ್ಣುಮಕ್ಕಳಿಬ್ಬರ ಜಡೆ ಹಾಕೋದನ್ನೂ ಕಲಿತಿದ್ರು. ಊರಲ್ಲಿ ಅದನ್ನ ನೋಡಿ ಆಡ್ಕೊಂಡೋರೂ ಇದ್ರು. ಅವ್ರಿಗೇನೂ ಅನ್ನಿಸ್ತಿರ್ಲಿಲ್ಲ. "ಇವ್ರಿಗೆ ಕೊಡೋಕೆ ನನ್ ಹತ್ರ ಇರೋದೇ ತೊಂಬತ್ತು ದಿನ ಮಗಾ, ಅದರಲ್ಲಿ ನಾಚ್ಕೆಗೆ ಅಂತ ಎಷ್ಟು ದಿನ ತೆಗೆದಿಡ್ಲಿ" ಅಂತ ನನ್ ಹತ್ರ ಹೇಳಿದ್ರು ಒಂದ್ಸಲ.

ರಿಟೈರ್ ಆದ್ಮೇಲೆ ಅವ್ರ ಮಿಲಿಟರಿ ಕ್ಯಾಂಟೀನ್ ಕಾರ್ಡ್ ಮೇಲೆ ಊರಿಗೆಲ್ಲ ಕಣ್ಣು. ಹಬ್ಬ, ಮದುವೆ ಅಂದ್ರೆ ಸಾಕು, ಅವ್ರ ಕೋಟಾದ ಬಾಟ್ಲಿ ಕೇಳ್ಕೊಂಡು ಜನ ಬರೋರು, ಡಬಲ್ ದುಡ್ಡು ಕೊಡ್ತೀವಿ ಅನ್ನೋರು. ಒಂದೇ ಒಂದು ಕೊಟ್ಟಿದ್ದಿಲ್ಲ. ನಮ್ಮಪ್ಪನೇ ಒಂದ್ಸಲ, ಸ್ವಂತ ತಮ್ಮ, ಮನೆ ಕಟ್ಟೋ ಮೇಸ್ತ್ರಿಗೆ ಬೇಕು ಅಂತ ಕೇಳಿದ್ದಕ್ಕೆ ಇಲ್ಲ ಅಂದ್ಬಿಟ್ರು, ಅಣ್ಣ ತಮ್ಮ ಒಂದು ವಾರ ಮಾತು ಬಿಟ್ಟಿದ್ರು. ಆಗ ದೊಡ್ಡಪ್ಪ ನಮಗೆಲ್ಲ ಕೂರಿಸ್ಕೊಂಡು ಹೇಳಿದ್ದು ಕಾರ್ಯಪ್ಪನವ್ರ ಕಾರಿನ ವಿಷಯ. ಇದನ್ನ ಸ್ವತಃ ನಂದ ಕಾರ್ಯಪ್ಪನವ್ರೇ ತಮ್ಮ ಅಪ್ಪನ ನೆನಪುಗಳಲ್ಲಿ ಹೇಳಿದಾರೆ. ಅವ್ರು ದೆಹಲಿಯಲ್ಲಿ ಶಾಲೆಗೆ ಹೋಗ್ತಿದ್ದಾಗ ಒಂದಿನ ಶಾಲೆಗೆ ಕರ್ಕೊಂಡ್ ಹೋಗೋ ವಾಹನ ಬರ್ಲಿಲ್ಲ, ಹುಡುಗನಿಗೆ ತಡ ಆಗುತ್ತಲ್ಲ ಅಂತ ಅಪ್ಪನ ಎ.ಡಿ.ಸಿ., ಅಂದ್ರೆ ಜೊತೆಗಿರೋ ಸಹಾಯಕ ಆಫೀಸರ್, ಸರ್ಕಾರದ ಸ್ಟಾಫ್ ಕಾರಲ್ಲಿ ಕಳಿಸಿಕೊಟ್ರು. ಕೆಲವು ದಿನ ಆದ್ಮೇಲೆ ಮಾತಿನ ಮಧ್ಯೆ ಇದು ಕಾರ್ಯಪ್ಪನವ್ರ ಕಿವಿಗೆ ಬಿತ್ತು. ಕೆಂಡಾಮಂಡಲ ಆಗ್ಬಿಟ್ರು. ಸರ್ಕಾರದ ಗಾಡಿ ನನ್ನ ಮಗನ ಸ್ವಂತ ಕೆಲಸಕ್ಕೆ ಹೇಗೆ ಹೋಯ್ತು ಅಂತ ಎ.ಡಿ.ಸಿ.ಯನ್ನ ತರಾಟೆಗೆ ತಗೊಂಡು, ಎಷ್ಟು ಖರ್ಚಾಯ್ತೋ ಬಿಲ್ ಮಾಡಿ ಅಂತ ಹೇಳಿ ದುಡ್ಡು ಕಟ್ಟಿಸಿದ್ರು.

ಚಿಕ್ಕವನಿದ್ದಾಗ ನನಗೆ ಇದು ಪ್ರಾಮಾಣಿಕತೆಯ ಕಥೆ ಅಂತ ಅನ್ನಿಸಿತ್ತು, ಈಗ್ಲೂ ಹೌದು. ಆದ್ರೆ ದೊಡ್ಡಪ್ಪ ಅದನ್ನ ಇನ್ನೊಂದು ಕಡೆಯಿಂದ ನೋಡ್ತಿದ್ರು. ಆ ಕಾರಲ್ಲಿ ಹೋಗೋ ಹುಡುಗನಿಗೆ ನಾನು ಜನರಲ್ ಮಗ, ನನಗೆ ಬೇರೆ ದಾರಿ ಇದೆ ಅನ್ನೋದು ತಲೇಲಿ ಹೊಕ್ಕಿಬಿಟ್ರೆ ಅವನು ಕೆಟ್ಟ ಅಂತಾನೇ ಲೆಕ್ಕ, ಅದಕ್ಕೆ ಅಪ್ಪ ಆದವನು ಅಷ್ಟು ಸಿಟ್ಟಾಗಿದ್ದು ಅನ್ನೋರು. ತಾಯಿ ಇಲ್ಲದ ಮಗ, ಬೇಕಾದ್ರೆ ಮುದ್ದು ಮಾಡಿ ಕಾರು ಕುದುರೆ ಎಲ್ಲ ಕೊಟ್ಟು ಸಮಾಧಾನ ಮಾಡ್ಬಹುದಿತ್ತು, ಎಷ್ಟೋ ದೊಡ್ಡ ಮನೆಗಳಲ್ಲಿ ಹಾಗೇ ಮಾಡೋದು. ಇವ್ರು ಮಾಡ್ಲಿಲ್ಲ. ಮಗ ಎಲ್ಲ ಹುಡುಗರ ಥರಾನೇ ಶಾಲೆಗೆ ಹೋಗ್ಲಿ ಅನ್ನೋದೇ ಅವ್ರು ಮಗನಿಗೆ ಕೊಡೋ ಆಸ್ತಿ ಆಗಿತ್ತು.

ರಿಟೈರ್ ಆದ್ಮೇಲೆ ಕಾರ್ಯಪ್ಪನವ್ರು 1956ರ ತನಕ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೈಕಮಿಷನರ್ ಆಗಿದ್ರು, ಅದಾದ್ಮೇಲೆ ಮಡಿಕೇರಿಯ ಮನೆ, ರೋಶನಾರಾ. ಸುಮ್ನೆ ಕೂತವ್ರಲ್ಲ, ನಿವೃತ್ತ ಸೈನಿಕರಿಗೆ ಕೆಲಸ ಕೊಡಿಸೋದು, ಪೆನ್ಷನ್ ವಿಷಯ, ಎಕ್ಸ್ ಸರ್ವಿಸಸ್ ಲೀಗ್ ಕಟ್ಟೋದು ಅಂತ ಓಡಾಡ್ತಾನೇ ಇದ್ರು. 1971ರಲ್ಲಿ ಬಾಂಬೆಯಿಂದ ಲೋಕಸಭೆಗೆ ನಿಂತು ಸೋತಿದ್ದೂ ಇದೆ, ಅದು ಅವ್ರ ಕ್ಷೇತ್ರ ಆಗಿರ್ಲಿಲ್ಲ, ಬಿಡಿ. ಇದರ ಮಧ್ಯೆ ಮಗ ಏರ್‌ಫೋರ್ಸ್ ಸೇರಿ ಫೈಟರ್ ಪೈಲಟ್ ಆಗಿದ್ರು.

1965ರ ಸೆಪ್ಟೆಂಬರ್ 22. ಮಾರನೇ ದಿನ ಬೆಳಗಿನ ಜಾವ ಯುದ್ಧ ನಿಲ್ಲುತ್ತೆ ಅನ್ನೋದು ಹೆಚ್ಚೂ ಕಮ್ಮಿ ನಿಶ್ಚಯ ಆಗಿದ್ದ ದಿನ. ನಂದ ಕಾರ್ಯಪ್ಪ ಹಾರಿಸ್ತಿದ್ದ ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ಬಿತ್ತು, ವಿಮಾನ ಹೊತ್ತಿಕೊಳ್ತು, ಎಜೆಕ್ಟ್ ಆದ್ರು. ಬಿದ್ದ ರಭಸಕ್ಕೆ ಬೆನ್ನುಮೂಳೆಗೆ ಪೆಟ್ಟು. ಪಾಕಿಸ್ತಾನದ ಸೈನಿಕರ ಕೈಗೆ ಸಿಕ್ಕಿದ್ರು. ಇವ್ರು ಯಾರ ಮಗ ಅಂತ ಗೊತ್ತಾದ್ಮೇಲೆ ಆ ಕಡೆ ರೇಡಿಯೋದಲ್ಲೇ ಸುದ್ದಿ ಬಂತು. ಆಗ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್. ದೇಶ ಒಡೆಯೋಕೆ ಮುಂಚೆ ಫ್ರಾಂಟಿಯರ್‌ನಲ್ಲಿ ಇದೇ ಕಾರ್ಯಪ್ಪನವ್ರ ಕೈಕೆಳಗೆ ಕೆಲಸ ಮಾಡಿದ್ದ ಆಫೀಸರ್. ಹಳೇ ಗೌರವ ಇತ್ತು. ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರ್ ಮೂಲಕ ಹೇಳಿ ಕಳಿಸಿದ್ರು, ನಿಮ್ಮ ಮಗ ಕ್ಷೇಮ, ನೀವು ಹೂಂ ಅಂದ್ರೆ ಬಿಟ್ಟುಬಿಡ್ತೀವಿ ಅಂತ.

ಕಾರ್ಯಪ್ಪನವ್ರು ಕೊಟ್ಟ ಉತ್ತರವನ್ನ ಒಬ್ಬೊಬ್ರು ಒಂದೊಂದು ಥರ ಬರೀತಾರೆ. ಸಾರ ಮಾತ್ರ ಎಲ್ಲದರಲ್ಲೂ ಒಂದೇ. ಅವನೀಗ ಈ ದೇಶದ ಮಗ, ಸೈನಿಕ, ನಿಮ್ಮ ಒಳ್ಳೇ ಮನಸ್ಸಿಗೆ ಕೃತಜ್ಞ, ಬಿಡೋದಾದ್ರೆ ಎಲ್ರನ್ನೂ ಬಿಡಿ ಇಲ್ಲಾಂದ್ರೆ ಯಾರನ್ನೂ ಬಿಡ್ಬೇಡಿ, ಅವನಿಗೆ ಅಂತ ವಿಶೇಷ ಏನೂ ಬೇಡ.

ಇದನ್ನ ಓದಿ ಎಂಥಾ ಕಲ್ಲೆದೆ ಅನ್ನೋರಿದಾರೆ. ಮೆಚ್ಚುಗೆಯಿಂದಾನೇ ಅಂತಾರೆ, ಆದ್ರೂ ಕಲ್ಲೆದೆ ಅಂತಾರೆ. ದಯವಿಟ್ಟು ಒಂದು ನಿಮಿಷ ಯೋಚ್ನೆ ಮಾಡಿ. ಆ ಮನುಷ್ಯನಿಗೆ ಆಗ 66 ವರ್ಷ. ರಿಟೈರ್ ಆಗಿ ಹನ್ನೆರಡು ವರ್ಷ ಆಗಿದೆ. ಯಾವ ಹುದ್ದೇಲೂ ಇಲ್ಲ, ಯಾವ ಆರ್ಡರೂ ಅವ್ರ ಮೇಲಿಲ್ಲ, ಹೂಂ ಅಂದಿದ್ರೆ ಈ ದೇಶದಲ್ಲಿ ಒಬ್ರೂ ತಪ್ಪು ಅಂತಿರ್ಲಿಲ್ಲ. ಹೆಂಡತಿ ಇಲ್ಲ. ಇರೋನೊಬ್ಬ ಮಗ, ಬೆನ್ನುಮೂಳೆ ಪೆಟ್ಟಾಗಿ ಶತ್ರುಗಳ ಆಸ್ಪತ್ರೇಲಿ ಮಲಗಿದಾನೆ. ಅವನನ್ನ ಹತ್ತು ವರ್ಷದವನಿಂದ ಒಬ್ಬರೇ ಬೆಳೆಸಿದಾರೆ. ಬೇಡ ಅನ್ನೋದಕ್ಕೆ ಪ್ರೀತಿ ಕಮ್ಮಿ ಇರ್ಬೇಕು ಅನ್ನೋರು ಅಪ್ಪ ಆಗಿ ನೋಡಿಲ್ಲ ಅಂತ ಕಾಣುತ್ತೆ.

ದೊಡ್ಡಪ್ಪನ ಪ್ರಕಾರ ಆ ಉತ್ತರದಲ್ಲಿ ಮುಖ್ಯವಾದ ಮಾತು "ಎಲ್ರನ್ನೂ ಬಿಡಿ" ಅನ್ನೋದು. ಜನ ಹಿಡ್ಕೊಂಡಿರೋದು ಮೊದಲ ಸಾಲನ್ನ, ನಾವು ಸೈನಿಕರು ಹಿಡ್ಕೊಂಡಿರೋದು ಎರಡನೇ ಸಾಲನ್ನ ಅಂತ ಅವ್ರು ಹೇಳೋರು. ತಾವು ಸಿಯಾಚಿನ್‌ಗೆ ಹೋಗೋ ರಸ್ತೇಲಿ ಕೆಲಸ ಮಾಡ್ತಿರ್ಬೇಕಾದ್ರೆ ತಮ್ಮ ಸೆಕ್ಷನ್ನಿನ ಹುಡುಗ್ರಿಗೆ ಇದನ್ನ ಹೇಳ್ತಿದ್ರಂತೆ, ನಿಮ್ಮಲ್ಲಿ ಯಾರಾದ್ರೂ ಕಳೆದುಹೋದ್ರೆ ಹುಡುಕೋಕೆ ನಿಮ್ಮಪ್ಪ ಜನರಲ್ ಆಗಿರ್ಬೇಕಾಗಿಲ್ಲ, ಅದನ್ನ ಕಾರ್ಯಪ್ಪ ಸಾಹೇಬ್ರು ಬರ್ದು ಕೊಟ್ಟು ಹೋಗಿದಾರೆ ಅಂತ. ಅವ್ರ ದನಿ ಇಲ್ಲಿ ಯಾವಾಗ್ಲೂ ಸ್ವಲ್ಪ ಒಡೀತಿತ್ತು.

ಈ ಮಾತಿನ ತೂಕ ನನಗೆ ಪೂರ್ತಿ ಗೊತ್ತಾಗಿದ್ದು ಅದೇ ತಿಂಗಳಲ್ಲಿ ನಮ್ಮ ಕೊಡಗಿನ ಇನ್ನೊಂದು ಮನೇಲಿ ಏನಾಗಿತ್ತು ಅಂತ ಓದಿದ ಮೇಲೆ. ಸೆಪ್ಟೆಂಬರ್ 7ಕ್ಕೆ, ನಂದ ಕಾರ್ಯಪ್ಪ ಸಿಕ್ಕಿಬೀಳೋಕೆ ಹದಿನೈದು ದಿನ ಮುಂಚೆ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವ್ರು ಮಿಸ್ಟೇರ್ ವಿಮಾನದಲ್ಲಿ ಸರ್ಗೋಧಾ ಏರ್‌ಬೇಸ್ ಮೇಲೆ ದಾಳಿಗೆ ಹೋದ್ರು. ಅವ್ರು ಆವತ್ತು ಸ್ಟ್ಯಾಂಡ್‌ಬೈ, ಹೋಗ್ಲೇಬೇಕು ಅಂತಿರ್ಲಿಲ್ಲ, ಮುಂದಿನ ವಿಮಾನವೊಂದು ಹಿಂದೆ ಉಳೀತು ಅಂತ ಜಾಗ ತುಂಬೋಕೆ ಹೋದ್ರು. ವಾಪಸ್ ಬರುವಾಗ ಆ ಮಿಸ್ಟೇರಿಗಿಂತ ಹೆಚ್ಚೂ ಕಮ್ಮಿ ಎರಡು ಪಟ್ಟು ವೇಗದ ಪಾಕಿಸ್ತಾನದ ಫೈಟರ್ ವಿಮಾನ, ಸ್ಟಾರ್‌ಫೈಟರ್ ಅಟ್ಟಿಸ್ಕೊಂಡು ಬಂತು. ದೇವಯ್ಯನವ್ರು ವಾಪಸ್ ಬರ್ಲಿಲ್ಲ. ಮನೆಗೆ ಬಂದ ಸುದ್ದಿ ಇಷ್ಟೇ, ಕಾಣೆಯಾಗಿದಾರೆ. ಅವ್ರ ಹೆಂಡತಿ ವರ್ಷಗಟ್ಲೆ ಆ ಒಂದು ಪದದ ಜೊತೆ ಬದುಕಿದ್ರು. ಎಷ್ಟೋ ಕಾಲ ಆದ್ಮೇಲೆ ಪಾಕಿಸ್ತಾನದ ಕಡೆಯ ವಿವರಗಳು ಹೊರಗೆ ಬಂದಾಗ ಗೊತ್ತಾಯ್ತು, ಆ ಮನುಷ್ಯ ಏಟು ತಿಂದ ವಿಮಾನದಲ್ಲೇ ತಿರುಗಿ ಬಿದ್ದು ಆ ಸ್ಟಾರ್‌ಫೈಟರನ್ನ ಹೊಡೆದು ಉರುಳಿಸಿದ್ರು, ತಾವೂ ಅಲ್ಲೇ ಬಿದ್ರು, ಅಲ್ಲಿನ ಹಳ್ಳಿ ಜನಾನೇ ಅವ್ರನ್ನ ಮಣ್ಣು ಮಾಡಿದ್ರು ಅಂತ. 1988ರಲ್ಲಿ ಮಹಾವೀರ ಚಕ್ರ ಕೊಟ್ರು. ಯುದ್ಧ ಆಗಿ 23 ವರ್ಷಕ್ಕೆ.

ಒಂದೇ ತಿಂಗಳು, ಒಂದೇ ಯುದ್ಧ, ಇಬ್ರೂ ಪೈಲಟ್‌ಗಳು, ಇಬ್ರೂ ಕೊಡಗಿನವ್ರು. ಒಬ್ರ ಸುದ್ದಿ ರೇಡಿಯೋದಲ್ಲಿ ಬರುತ್ತೆ, ರಾಷ್ಟ್ರಾಧ್ಯಕ್ಷನೇ ವಿಚಾರಿಸ್ತಾನೆ, ಅಯೂಬ್ ಖಾನರ ಹೆಂಡತಿ, ಮಗ ಆಸ್ಪತ್ರೆಗೆ ಬಂದು ಮಾತಾಡಿಸ್ಕೊಂಡು ಹೋಗ್ತಾರೆ. ಇನ್ನೊಬ್ರಿಗೆ ಏನಾಯ್ತು ಅನ್ನೋದೇ ಗೊತ್ತಿಲ್ಲ. ಕಾರ್ಯಪ್ಪನವ್ರು ತಮ್ಮ ಮಗನನ್ನ ಮಾತ್ರ ಕರೆಸ್ಕೊಂಡಿದ್ರೆ ಸುದ್ದಿ ಬರದೇ ಕೂತಿದ್ದ ಅಂಥ ಮನೆಗಳ ಮುಂದೆ ಹೇಗೆ ನಡ್ಕೊಂಡು ಹೋಗ್ತಿದ್ರು? ಕೊಡಗಲ್ಲಿ ಅಂಥ ಮನೆಗಳು ಕಮ್ಮಿ ಇಲ್ಲ, ಮದುವೆ, ಸಾವು, ಹುತ್ತರಿ ಅಂತ ಎಲ್ರೂ ಎಲ್ರಿಗೂ ಎದುರಾಗೋ ಊರು. ಇವತ್ತಿಗೂ 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾದ ಸೈನಿಕರ ಪಟ್ಟೀಲಿ 54 ಹೆಸರಿದೆ, ಅವ್ರ ಹೆಂಡತಿ ಮಕ್ಕಳು ಫೋಟೋ ಹಿಡ್ಕೊಂಡು ದೆಹಲಿ, ಲಾಹೋರು ಅಂತ ಅಲೆದು ಮುದುಕರಾಗಿದಾರೆ. ಆರ್ಮಿ ಡೇ ದಿವಸ ಕಾರ್ಯಪ್ಪನವ್ರ ಉತ್ತರವನ್ನ ಫಾರ್ವರ್ಡ್ ಮಾಡೋರು ಆ 54 ಜನರ ಬಗ್ಗೇನೂ ಒಂದು ಸಾಲು ಬರೀಬೇಕು. ಅವ್ರ ಪರವಾಗಿ ಕೇಳಿದ ಮಾತು ಅದು.

ನಂದ ಕಾರ್ಯಪ್ಪ ಬಂದ್ರು. 1966ರ ಜನವರೀಲಿ ತಾಷ್ಕೆಂಟ್ ಒಪ್ಪಂದ ಆಯ್ತಲ್ಲ, ಅದೇ ತಿಂಗಳು ಯುದ್ಧ ಕೈದಿಗಳು ವಾಪಸ್ಸಾದ್ರು, ಅವ್ರ ಜೊತೆ, ಎಲ್ರ ಜೊತೆ. ಮುಂದೆ ಏರ್ ಮಾರ್ಷಲ್ ಆಗಿ ರಿಟೈರ್ ಆಗಿ ಮಡಿಕೇರಿಗೇ ಬಂದು ನೆಲೆಸಿದ್ರು. ಅಪ್ಪನ ಬಗ್ಗೆ ಪುಸ್ತಕ ಬರ್ದಿದಾರೆ, ಎಷ್ಟೋ ಕಡೆ ಮಾತಾಡಿದಾರೆ. ಅವ್ರು ಹೇಳೋ ವಿಷಯಗಳಲ್ಲೆಲ್ಲೂ ನಮ್ಮಪ್ಪ ನನ್ನನ್ನ ಬಿಟ್ಟುಕೊಟ್ರು ಅನ್ನೋ ನೋವಿನ ಎಳೆ ನನಗೆ ಕಂಡಿಲ್ಲ. ಅಪ್ಪ ಹಾಗಲ್ಲದೆ ಇನ್ನು ಹೇಗೆ ಹೇಳ್ತಿದ್ರು ಅನ್ನೋ ಥರ ಹೇಳ್ತಾರೆ. ಸ್ಟಾಫ್ ಕಾರಿನ ಬಿಲ್ ಕಟ್ಟಿಸಿದ ಮನೇಲಿ ಬೆಳೆದ ಹುಡುಗನಿಗೆ ಅಪ್ಪ ಏನು ಉತ್ತರ ಕೊಡ್ತಾರೆ ಅಂತ ರಾವಲ್ಪಿಂಡಿಯಲ್ಲಿ ಮಲಗಿದ್ರೂ ಗೊತ್ತೇ ಇರುತ್ತೆ.

ಆ ಮಗ ಅಪ್ಪನನ್ನ ನೋಡ್ಕೊಂಡ ರೀತಿ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. 1986ರಲ್ಲಿ, ರಿಟೈರ್ ಆಗಿ 33 ವರ್ಷ ಆದ್ಮೇಲೆ, ಸರ್ಕಾರ ಕಾರ್ಯಪ್ಪನವ್ರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಡ್ತು. ಏಪ್ರಿಲ್ 28ಕ್ಕೆ ರಾಷ್ಟ್ರಪತಿ ಭವನದಲ್ಲಿ ಸಮಾರಂಭ. ಆಗ ಅವ್ರಿಗೆ 87. ಬಲಗಾಲಿನ ಕಿರುಬೆರಳು ವಿಪರೀತ ನೋವು, ಶೂ ಹಾಕೋಕೇ ಆಗ್ತಿಲ್ಲ. ಮನೆಯವ್ರು ಒಂದು ಕಾಲಿಗೆ ಶೂ ಹಾಕ್ಕೊಂಡು ಇನ್ನೊಂದಕ್ಕೆ ಚಪ್ಪಲಿ ಹಾಕ್ಕೊಳ್ಳಿ ಅಂದ್ರು. ಒಪ್ಲಿಲ್ಲ. ಯಾವಾಗ್ಲೂ ಹಾಕ್ತಿದ್ದ ಚೂಪು ಮೂತಿಯ ಶೂನೇ ಆಗ್ಬೇಕು. ವಾಕಿಂಗ್ ಸ್ಟಿಕ್ ಆದ್ರೂ ಹಿಡ್ಕೊಳ್ಳಿ ಅಂದ್ರು, ಅದೂ ಬೇಡ. ಯಾರ ಆಸರೇನೂ ಇಲ್ಲದೆ ನಡ್ಕೊಂಡ್ ಹೋಗಿ, ಸಮಾರಂಭ ಮುಗಿಯೋ ತನಕ ಅಟೆನ್ಷನ್‌ನಲ್ಲಿ ನಿಂತಿದ್ರು. ಹಾಲಲ್ಲಿದ್ದ ಮಂತ್ರಿ ಮಹೋದಯರು, ಸೇನಾಧಿಕಾರಿಗಳು ನೋಡ್ತಿದ್ದಿದ್ದು ಅವ್ರ ಮುಖ, ಅವ್ರ ಯೂನಿಫಾರ್ಮು. ಮಗ ಸೊಸೆಗೆ ಮಾತ್ರ ಆ ಶೂ ಒಳಗಿನ ಬೆರಳಿನ ವಿಷಯ ಗೊತ್ತು. ಇದನ್ನ ಬರೆದು ಇಟ್ಟಿರೋದು ಮಗ. ಬೇರೆ ಯಾರು ಬರೀತಿದ್ರು ಹೇಳಿ.

1993ರ ಮೇ 15ಕ್ಕೆ ಬೆಂಗಳೂರಲ್ಲಿ, ನಿದ್ದೇಲೇ ಹೋದ್ರು. ಎರಡು ದಿನ ಆದ್ಮೇಲೆ ಮಡಿಕೇರೀಲಿ ಅಂತ್ಯಕ್ರಿಯೆ. ಮೂರೂ ಸೇನೆಗಳ ಮುಖ್ಯಸ್ಥರು ಬಂದಿದ್ರು, ದೇಶದ ಇನ್ನೊಬ್ರು ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಅವ್ರೂ ಬಂದಿದ್ರು. ಚಿತೆಗೆ ಬೆಂಕಿ ಇಟ್ಟಿದ್ದು ನಂದ ಕಾರ್ಯಪ್ಪ.

ದೊಡ್ಡಪ್ಪ ಆಗ ಪಠಾಣ್‌ಕೋಟ್ ಕಡೆ ಪೋಸ್ಟಿಂಗಲ್ಲಿದ್ರು. ಅವ್ರಿಗೆ ಸುದ್ದಿ ಸಿಕ್ಕಿದ್ದು ರೇಡಿಯೋದಲ್ಲಿ. ಎರಡು ವಾರಕ್ಕೆ ಅವ್ರ ಇನ್‌ಲ್ಯಾಂಡ್ ಲೆಟರ್ ಬಂತು, ದೊಡ್ಡಮ್ಮ ಅದನ್ನ ಇನ್ನೂ ಎತ್ತಿಟ್ಟಿದಾರೆ. ಮಾಮೂಲಿ ಹಾಗೆ ದೊಡ್ಡ ಮಗಳ ಮಾರ್ಕ್ಸು, ಹಸು ಕರು ಹಾಕ್ತಾ, ಮಳೆ ಹಿಡೀತಾ, ಅಮ್ಮನ ಮಂಡಿ ನೋವು ಹೇಗಿದೆ ಅಂತೆಲ್ಲ ಕೇಳಿ, ಕೊನೇಲಿ ಜಾಗ ಸಾಲ್ದೆ ಅಂಚಲ್ಲಿ ಅಡ್ಡಡ್ಡ ಬರ್ದಿದಾರೆ, ಮಡಿಕೇರಿಗೆ ನಮ್ಮನೆಯಿಂದ ಯಾರಾದ್ರೂ ಹೋಗಿದ್ರಾ ಅಂತ. ಅಪ್ಪ ಹೋಗಿದ್ರು. ಶನಿವಾರಸಂತೆಯಿಂದ ಮೊದಲನೇ ಬಸ್ಸಿಗೆ, ನಮ್ಮೂರಿನ ಇನ್ನೂ ನಾಲ್ಕೈದು ಜನರ ಜೊತೆ.